ಅಪರೂಪದ ಸಕ್ಕರೆ: ಸಿಹಿ ಯಾರಿಗೆ, ಮಣ್ಣು ಯಾರದು?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಳಗದ ಸಭೆಯೊಂದರಲ್ಲಿ ಹಿರಿಯ ಗೆಳೆಯರೊಬ್ಬರು ಪತ್ರಿಕೆಯ ತುಣುಕೊಂದನ್ನು ಎತ್ತಿ ಹಿಡಿದು ಗುಡುಗಿದರು. ಪ್ರಯೋಗಾಲಯದಲ್ಲಿ ಕಿಣ್ವಗಳನ್ನು ತಿದ್ದಿ ಸಾಮಾನ್ಯ ಸಕ್ಕರೆಯನ್ನು ‘ಅಪರೂಪದ ಸಕ್ಕರೆ’ಯಾಗಿ ಮಾರ್ಪಡಿಸುತ್ತಿದ್ದಾರೆ, ಇದು ಹೊಸ ವಿಷ, ಇದು ನಮ್ಮ ಜೋನಿಬೆಲ್ಲದ ಮೇಲೆ ಸಾರಿದ ಯುದ್ಧ ಎಂಬುದು ಅವರ ಮಾತಿನ ಸಾರ. ಚಪ್ಪಾಳೆ ಬಿತ್ತು. ಅದಾಗಿ ಹದಿನೈದು ದಿನಕ್ಕೆ ಘಟ್ಟದ ಕೆಳಗಿನ ಕಾಲೇಜೊಂದರಲ್ಲಿ ಇದೇ ವಿಷಯದ ಮೇಲೆ ಉಪನ್ಯಾಸವಿತ್ತು. ಬಂದಿದ್ದ ಅತಿಥಿಗಳ ಪ್ರಕಾರ ಇದು ಅಮೃತ. ಸಕ್ಕರೆ ಕಾಯಿಲೆಯವರು ನಿಶ್ಚಿಂತೆಯಿಂದ ಹೋಳಿಗೆ ತಿನ್ನಬಹುದು, ಕಬ್ಬು ಬೆಳೆಗಾರರ ಬಾಕಿ ತೀರುತ್ತದೆ, ದೇಶಕ್ಕೆ ಡಾಲರು ಹರಿದು ಬರುತ್ತದೆ. ಅಲ್ಲಿಯೂ ಚಪ್ಪಾಳೆ ಬಿತ್ತು. ಎರಡೂ ಕಡೆ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ ನನಗೆ ಇಬ್ಬರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ ಅನ್ನಿಸಿತು. ವಿಷ ಎಂದವರಿಗಾಗಲಿ ಅಮೃತ ಎಂದವರಿಗಾಗಲಿ, ಆ ಕಿಣ್ವ ಎಲ್ಲಿಂದ ಬಂತು ಎಂದು ಕೇಳಬೇಕೆಂದು ತೋರಲಿಲ್ಲ. ಅದು ಬಂದದ್ದು ಮಣ್ಣಿನಿಂದ. ಮಣ್ಣೆಂದರೆ ಯಾರದೋ ಊರು, ಯಾರದೋ ಕಾಡು. ಈ ಬರಹದ ತಕರಾರು ಇರುವುದು ಅಲ್ಲಿ.

ತಕರಾರಿಗೆ ಮುನ್ನ ವಿಷಯವನ್ನು ಸರಿಯಾಗಿ ತಿಳಿಯೋಣ. ತಿಳಿಯದೆ ವಿರೋಧಿಸುವುದು ನಮ್ಮ ಚಳವಳಿಗಳಿಗೆ ಅಂಟಿಕೊಂಡಿರುವ ಹಳೆಯ ಜಾಡ್ಯ; ಇದನ್ನು ಒಳಗಿನವನಾಗಿಯೇ ಹೇಳುತ್ತಿದ್ದೇನೆ.

ಸಕ್ಕರೆ ಎಂಬುದು ಒಂದೇ ವಸ್ತುವಲ್ಲ. ನಾವು ಕಾಫಿಗೆ ಹಾಕುವ ಬಿಳಿ ಸಕ್ಕರೆಯ ಹೆಸರು ಸುಕ್ರೋಸ್. ಅದನ್ನು ಒಡೆದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳು ದೊರೆಯುತ್ತವೆ. ಜೇನಿನಲ್ಲಿರುವುದೂ ಹೆಚ್ಚಾಗಿ ಇವೆರಡೇ. ಇವುಗಳ ಪ್ರತಿ ಅಣುವಿನಲ್ಲಿ 6 ಇಂಗಾಲ, 12 ಜಲಜನಕ, 6 ಆಮ್ಲಜನಕದ ಪರಮಾಣುಗಳಿವೆ. ಅದೇ ಲೆಕ್ಕದ ಪರಮಾಣುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದರೆ ಬೇರೆ ಸಕ್ಕರೆಗಳಾಗುತ್ತವೆ. ಅಂಥ ಅನೇಕ ಸಕ್ಕರೆಗಳನ್ನು ನಿಸರ್ಗವು ತೀರ ಕೈಬಿಗಿ ಹಿಡಿದು ತಯಾರಿಸುತ್ತದೆ. ಅಲ್ಯುಲೋಸ್, ಟ್ಯಾಗಟೋಸ್, ಅಲೋಸ್ ಮೊದಲಾದ ಇವನ್ನೇ ಅಪರೂಪದ ಸಕ್ಕರೆಗಳೆಂದು ಕರೆಯುತ್ತಾರೆ. ಹಳೆಯ ಪುಸ್ತಕಗಳಲ್ಲಿ ಸೈಕೋಸ್ ಎಂದಿರುವ ಅಲ್ಯುಲೋಸ್ ಕಬ್ಬಿನ ಕಾಕಂಬಿಯಲ್ಲಿ, ಅಂಜೂರದಲ್ಲಿ, ಒಣದ್ರಾಕ್ಷಿಯಲ್ಲಿ ಎಳ್ಳಷ್ಟು ಇದೆ. ಫ್ರಕ್ಟೋಸ್ ಇರುವ ರಸವನ್ನು ಬಹಳ ಹೊತ್ತು ಕಾಯಿಸಿದರೂ ಅದರ ಲವಲೇಶ ಹುಟ್ಟುತ್ತದೆ. ಆಲೆಮನೆಯ ಕೊಪ್ಪರಿಗೆಯ ಬಳಿ ಬೆಳೆದ ನಮಗೆ ಇದು ತೀರ ಪರಕೀಯ ವಸ್ತುವೇನಲ್ಲ. ಆದ್ದರಿಂದ ‘ವಿಷ’ ಎಂಬ ಕೂಗನ್ನು ನಮ್ಮ ಗೆಳೆಯರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಫ್ರಕ್ಟೋಸನ್ನು ಅಲ್ಯುಲೋಸ್ ಮಾಡಲು ಬೇಕಾದದ್ದು ಒಂದೇ ಒಂದು ತಿರುವು. ಅಣುವಿನ ಮೂರನೆಯ ಇಂಗಾಲಕ್ಕೆ ಅಂಟಿಕೊಂಡ ಆಮ್ಲಜನಕ-ಜಲಜನಕದ ಜೋಡಿ, ಕಾಗದದ ಮೇಲೆ ಬರೆದು ನೋಡಿದರೆ ಎಡಕ್ಕಿರುವುದು, ಬಲಕ್ಕೆ ಬಂದರಾಯಿತು. ಎಡಗೈಯ ಬಳೆಯನ್ನು ತೆಗೆದು ಬಲಗೈಗೆ ತೊಟ್ಟಷ್ಟೇ ವ್ಯತ್ಯಾಸ. ಆದರೆ ಅಷ್ಟರಿಂದಲೇ ನಮ್ಮ ದೇಹ ಅದನ್ನು ಬೇರೆ ವಸ್ತುವೆಂದು ಕಾಣುತ್ತದೆ. ಈ ತಿರುವನ್ನು ರಾಸಾಯನಿಕಗಳಿಂದ ಮಾಡಹೊರಟರೆ ಹತ್ತಾರು ಬೇಡದ ವಸ್ತುಗಳು ಜೊತೆಗೆ ಹುಟ್ಟುತ್ತವೆ. ಇತರ ಜಾಗಗಳನ್ನು ಮುಟ್ಟದೆ ಆ ಒಂದೇ ಜಾಗದಲ್ಲಿ ತಿರುವು ಕೊಡಬಲ್ಲದ್ದು ಕಿಣ್ವ ಮಾತ್ರ.

ಅಂಥ ಕಿಣ್ವ ಸಿಕ್ಕಿದ್ದು ಜಪಾನಿನ ಶಿಕೊಕು ದ್ವೀಪದಲ್ಲಿ. ಅಲ್ಲಿನ ಕಗಾವಾ ವಿಶ್ವವಿದ್ಯಾಲಯದ ಕೃಷಿ ವಿಭಾಗದ ಪ್ರಾಧ್ಯಾಪಕ ಕೆನ್ ಇಝುಮೊರಿ ಅವರು, ಯಾರೂ ಹಣ ಕೊಡಲು ಮುಂದೆ ಬರದ ಕಾಲದಿಂದಲೂ ಈ ಸಕ್ಕರೆಗಳ ಬೆನ್ನು ಹತ್ತಿದವರು. 1990ರ ದಶಕದ ಆರಂಭದಲ್ಲಿ ಮಣ್ಣಿನ ಸೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾವೊಂದರಲ್ಲಿ ಅವರ ತಂಡಕ್ಕೆ ಈ ಕಿಣ್ವ ದೊರೆಯಿತು. ಆ ಮಣ್ಣು ಬೇರೆಲ್ಲಿಯದೂ ಅಲ್ಲ, ಅವರದೇ ವಿಶ್ವವಿದ್ಯಾಲಯದ ಆವರಣದ್ದು. ಮುಂದೆ ಕಗಾವಾ ಪ್ರಾಂತ್ಯದ ಸರ್ಕಾರ ಅಪರೂಪದ ಸಕ್ಕರೆಯನ್ನು ತನ್ನ ನೆಲದ ಉದ್ಯಮವೆಂದೇ ಬೆಳೆಸಿತು. ಸಂಶೋಧನೆಗೆ ಹಣ ಹಾಕಿತು, ಪ್ರಾಂತ್ಯದ ಹೆಸರಿನೊಂದಿಗೆ ಪ್ರಚಾರ ಮಾಡಿತು. ಮಣ್ಣು ಯಾವ ಊರಿನದೋ ಹೆಸರೂ ಆ ಊರಿಗೇ ಬಂತು. ಇದನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇದಕ್ಕೆ ಮರಳುತ್ತೇನೆ.

2006ರಲ್ಲಿ ಕೊರಿಯಾದ ವಿಜ್ಞಾನಿಗಳು ಇದೇ ಕೆಲಸದ ಇನ್ನೊಂದು ಕಿಣ್ವವನ್ನು ಅಗ್ರೊಬ್ಯಾಕ್ಟೀರಿಯಂನಲ್ಲಿ ಕಂಡುಕೊಂಡರು. ಹೌದು, ಹಣ್ಣಿನ ಗಿಡಗಳ ಬುಡದಲ್ಲಿ ಗಂಟು ಎಬ್ಬಿಸುವ ಅದೇ ರೋಗಾಣು. ನಾವು ಶಪಿಸುವ ಜೀವಿಯ ಹೊಟ್ಟೆಯಲ್ಲೂ ಇಂಥ ವಿದ್ಯೆ ಅಡಗಿರುತ್ತದೆ. ಆದರೆ ಮಣ್ಣಿನಲ್ಲಿ ತಣ್ಣಗೆ ದುಡಿಯುವ ಕಿಣ್ವ ಕಾರ್ಖಾನೆಯ ಬಿಸಿಯನ್ನು ತಾಳಲಾರದು. 50 ಡಿಗ್ರಿಯಲ್ಲಿ ಅದರ ಶಕ್ತಿ ಬೇಗನೆ ಉಡುಗುತ್ತಿತ್ತು. ತಣ್ಣಗಿನ ಸಕ್ಕರೆ ಪಾಕದಲ್ಲಿ ಬೇರೆ ಸೂಕ್ಷ್ಮಜೀವಿಗಳು ಸೇರಿ ಹುಳಿಯೆಬ್ಬಿಸುತ್ತವೆ, ಪಾಕ ಗಟ್ಟಿಯಾಗಿ ಹರಿಯದು; ಆದ್ದರಿಂದ ಬಿಸಿ ಅನಿವಾರ್ಯ. ಕಿಣ್ವವನ್ನು ‘ತಿದ್ದುವ’ ಕೆಲಸ ಆರಂಭವಾಗುವುದು ಇಲ್ಲಿ. ಕಿಣ್ವವೆಂದರೆ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿ, ಉಂಡೆಯಾಗಿ ಮಡಿಸಿಟ್ಟ ಸರ. 2011ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ ಈ ಸರದ 33ನೆಯ ಮತ್ತು 213ನೆಯ ಮಣಿಗಳನ್ನು ಮಾತ್ರ ಬದಲಿಸಲಾಯಿತು. ಅಷ್ಟಕ್ಕೇ ಅದೇ ಶಾಖದಲ್ಲಿ ಕಿಣ್ವದ ಬಾಳಿಕೆ ಸುಮಾರು 30 ಪಟ್ಟು ಹೆಚ್ಚಿತು. ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ಇದನ್ನು ಓದಿದಾಗ ನನಗೆ ರೋಮಾಂಚನವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಇಂದಿಗೂ ಇದು ಸುಂದರವಾದ ವಿದ್ಯೆ ಎಂದೇ ನಂಬಿದ್ದೇನೆ.

ಆದರೆ ಕಾಲೇಜಿನ ಅತಿಥಿಗಳು ಹೇಳದೆ ಬಿಟ್ಟದ್ದೊಂದಿದೆ. ಕಿಣ್ವವನ್ನು ಎಷ್ಟೇ ತಿದ್ದಿ, ಫ್ರಕ್ಟೋಸ್ ಪೂರ್ತಿಯಾಗಿ ಅಲ್ಯುಲೋಸ್ ಆಗುವುದಿಲ್ಲ. ನೂರು ಪಾಲಿಗೆ ಸುಮಾರು ಮೂವತ್ತು ಪಾಲು ತಿರುಗುತ್ತಿದ್ದಂತೆ ಕ್ರಿಯೆ ನಿಂತಂತಾಗುತ್ತದೆ, ಏಕೆಂದರೆ ಅದೇ ಕಿಣ್ವ ಅಲ್ಯುಲೋಸನ್ನು ಹಿಂದಕ್ಕೆ ಫ್ರಕ್ಟೋಸಾಗಿಯೂ ತಿರುಗಿಸುತ್ತಿರುತ್ತದೆ. ಎರಡು ಕೆರೆಗಳ ನಡುವಿನ ತೂಬನ್ನು ದೊಡ್ಡದು ಮಾಡಿದರೆ ನೀರು ಬೇಗ ಹರಿದೀತು, ಆದರೆ ಎರಡರ ಮಟ್ಟ ಸಮವಾದ ಮೇಲೆ ಯಾವ ತೂಬೂ ಏನನ್ನೂ ಮಾಡಲಾರದು. ಕಿಣ್ವ ಆ ತೂಬು; ನೀರಿನ ಮಟ್ಟವನ್ನು ನಿರ್ಧರಿಸುವುದು ಅದಲ್ಲ. ಉಳಿದ ಎಪ್ಪತ್ತು ಪಾಲನ್ನು ಬೇರ್ಪಡಿಸಿ ಮತ್ತೆ ಮೊದಲಿಗೆ ಕಳಿಸಬೇಕು. ಒಂದೇ ತೂಕದ, ಒಂದೇ ರೂಪದ ಎರಡು ಸಕ್ಕರೆಗಳನ್ನು ಬೇರ್ಪಡಿಸಲು ರಾಳ ತುಂಬಿದ ಎತ್ತರದ ಕಂಬಗಳ ಸಾಲು ಬೇಕು, ಅವುಗಳ ಮೂಲಕ ಹರಿಸಲು ಹೇರಳ ಶುದ್ಧ ನೀರು ಬೇಕು, ಆ ನೀರನ್ನೆಲ್ಲ ಮತ್ತೆ ಆವಿ ಮಾಡಲು ಉರುವಲು ಬೇಕು. ಈ ಜಾತಿಯ ಬಹುತೇಕ ಕಿಣ್ವಗಳಿಗೆ ಮ್ಯಾಂಗನೀಸ್ ಅಥವಾ ಕೋಬಾಲ್ಟ್ ಲೋಹದ ನೆರವೂ ಬೇಕು; ಅದು ಕೊನೆಗೆ ಯಾವ ಹೊಳೆಗೆ ಸೇರುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆಯೇ. ಪಿಷ್ಟದಿಂದ ಆರಂಭಿಸಿ, ಹಲವು ಕಿಣ್ವಗಳನ್ನು ಸಾಲಾಗಿ ಹೂಡಿ, ಕೊನೆಯ ಹೆಜ್ಜೆ ಹಿಂದಿರುಗದಂತೆ ಮಾಡುವ ಹೊಸ ದಾರಿಗಳನ್ನೂ ಹುಡುಕಿದ್ದಾರೆ. ಟ್ಯಾಗಟೋಸ್ ತಯಾರಿಕೆಯಲ್ಲಿ ಅದಕ್ಕೆ ಒಳ್ಳೆಯ ಭವಿಷ್ಯವಿದೆ. ಸಂತೋಷ. ಹಾಗಿದ್ದರೂ ಒಂದು ಕಿಲೋ ಸಕ್ಕರೆಗೆ ಎಷ್ಟು ನೀರು, ಎಷ್ಟು ಉಗಿ ಎಂಬ ಲೆಕ್ಕವನ್ನು ಚಪ್ಪಾಳೆಗೆ ಮುಂಚೆಯೇ ಮೇಜಿನ ಮೇಲಿಡಬೇಕಾಗುತ್ತದೆ. 1980ರ ದಶಕದಲ್ಲಿ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದ್ದನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ.

ಆರೋಗ್ಯದ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಅಲ್ಯುಲೋಸಿನ ಸಿಹಿ ಸಾಮಾನ್ಯ ಸಕ್ಕರೆಯ ಸುಮಾರು ಶೇಕಡ 70ರಷ್ಟು. ಗ್ರಾಮಿಗೆ 4 ಕ್ಯಾಲೊರಿಯ ಬದಲು ಕೇವಲ 0.4 ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರಲ್ಲಿ ಒಪ್ಪಿಕೊಂಡು, ಪೊಟ್ಟಣದ ಮೇಲೆ ಇದನ್ನು ‘ಸೇರಿಸಿದ ಸಕ್ಕರೆ’ಯ ಲೆಕ್ಕದಿಂದ ಹೊರಗಿಡಲು ಅವಕಾಶ ಕೊಟ್ಟಿತು. ತಿಂದದ್ದರಲ್ಲಿ ಹೆಚ್ಚಿನ ಪಾಲು ರಕ್ತಕ್ಕೆ ಸೇರಿದರೂ ದೇಹ ಅದನ್ನು ಉರಿಸಲಾರದೆ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಊಟದ ನಂತರ ರಕ್ತದ ಸಕ್ಕರೆ ಏರುವುದನ್ನು ಇದು ತುಸು ತಗ್ಗಿಸುತ್ತದೆ ಎಂಬುದಕ್ಕೆ ಆಧಾರಗಳಿವೆ. ಒಮ್ಮೆಗೇ ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ. ದೇಹತೂಕದ ಪ್ರತಿ ಕಿಲೋಗೆ 0.4 ಗ್ರಾಂ ಮೀರಬಾರದೆಂದು 2018ರ ಕೊರಿಯಾದ ಅಧ್ಯಯನವೊಂದು ಸೂಚಿಸಿದೆ. ಅಂದರೆ 50 ಕಿಲೋ ತೂಕದವರಿಗೆ ಒಂದು ಹೊತ್ತಿಗೆ 20 ಗ್ರಾಂ. ಇದು ಔಷಧವಲ್ಲ, ವಿಷವೂ ಅಲ್ಲ. ಅತಿಥಿಗಳ ಹೋಳಿಗೆಯಲ್ಲಿ ಸಕ್ಕರೆ ಬದಲಾದರೂ ಮೈದಾ ಮೈದಾವಾಗಿಯೇ ಉಳಿದಿರುತ್ತದೆ!

ಇನ್ನು ಕಬ್ಬು ಬೆಳೆಗಾರರ ಬಾಕಿ ತೀರುವ ಮಾತು. ಇಲ್ಲಿ ನನ್ನ ಸಿಟ್ಟು ನಿಜಕ್ಕೂ ಏರುತ್ತದೆ, ಏಕೆಂದರೆ ಸಕ್ಕರೆಯನ್ನು ಸಕ್ಕರೆಯಾಗಿ ಮಾರ್ಪಡಿಸುವ ಕಿಣ್ವ ಇತಿಹಾಸದಲ್ಲಿ ಇದೇ ಮೊದಲಲ್ಲ. ಗ್ಲೂಕೋಸನ್ನು ಫ್ರಕ್ಟೋಸಾಗಿಸುವ ಕಿಣ್ವವನ್ನು 1957ರಲ್ಲಿ ಅಮೆರಿಕದಲ್ಲಿ ಗುರುತಿಸಲಾಯಿತು. 1960ರ ದಶಕದಲ್ಲಿ ಜಪಾನಿನವರು ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದ ಅದನ್ನು ಕಾರ್ಖಾನೆಗೆ ಒಗ್ಗಿಸಿದರು. ಅದರಿಂದ ಹುಟ್ಟಿದ್ದೇ ಜೋಳದ ಸಿಹಿಪಾಕ, ಅಂದರೆ ಮುಸುಕಿನ ಜೋಳದ ಪಿಷ್ಟದಿಂದ ತೆಗೆದ ಹೆಚ್ಚು ಫ್ರಕ್ಟೋಸಿನ ಪಾಕ. ಕಬ್ಬಿನ ಸಕ್ಕರೆಯ ಆಮದಿನ ಮೇಲೆ ಕಟ್ಟುಪಾಡು ಹಾಕಿ ಒಳನಾಡಿನಲ್ಲಿ ಸಕ್ಕರೆಯ ಬೆಲೆಯನ್ನು ಎತ್ತರದಲ್ಲಿಟ್ಟಿದ್ದ ಅಮೆರಿಕದಲ್ಲಿ ಈ ಪಾಕ ಅಗ್ಗವಾಗಿ ಕಂಡಿತು. 1984ರಲ್ಲಿ ಕೋಕಾ-ಕೋಲಾ ಮತ್ತು ಪೆಪ್ಸಿ ಎರಡೂ ಅಲ್ಲಿ ಸಕ್ಕರೆಯನ್ನು ಬಿಟ್ಟು ಇದಕ್ಕೆ ತಿರುಗಿದವು. 1980ರಲ್ಲಿ ಪೌಂಡಿಗೆ 40 ಸೆಂಟು ದಾಟಿದ್ದ ವಿಶ್ವ ಮಾರುಕಟ್ಟೆಯ ಸಕ್ಕರೆ ಬೆಲೆ 1985ರಲ್ಲಿ 5 ಸೆಂಟಿಗಿಂತ ಕೆಳಗಿಳಿಯಿತು.

ಬೆಲೆ ಕುಸಿದಾಗ ಪೆಟ್ಟು ತಿಂದದ್ದು ಫಿಲಿಪ್ಪೀನ್ಸಿನ ನೀಗ್ರೋಸ್ ದ್ವೀಪ. ಅಲ್ಲಿ ಕಬ್ಬು ಬಿಟ್ಟರೆ ಬೇರೆ ಬೆಳೆಯಿರಲಿಲ್ಲ. ನೆಲವೆಲ್ಲ ಕೆಲವೇ ಜಮೀನುದಾರರದು, ದುಡಿಯುವವರಿಗೆ ಸೊಪ್ಪು ಬೆಳೆಯಲೂ ಹಿತ್ತಲಿರಲಿಲ್ಲ. ಮಾರ್ಕೋಸ್ ಸರ್ವಾಧಿಕಾರದ ಆಪ್ತರು ಸಕ್ಕರೆಯ ವ್ಯಾಪಾರವನ್ನು ಏಕಸ್ವಾಮ್ಯ ಮಾಡಿಕೊಂಡು ಮೊದಲೇ ಹೀರಿದ್ದರು. ಸುಮಾರು 1,90,000 ಕಬ್ಬಿನ ಕೂಲಿಕಾರರು ಕೆಲಸ ಕಳೆದುಕೊಂಡರು. ಅವರ ಮಕ್ಕಳು ಹಸಿವಿನಿಂದ ಬತ್ತಿದ ಚಿತ್ರಗಳನ್ನು 1985ರಲ್ಲಿ ಜಗತ್ತೇ ನೋಡಿತು. ಅದೇ ವರ್ಷದ ಸೆಪ್ಟೆಂಬರ್ 20ರಂದು ಎಸ್ಕಲಾಂಟೆ ಎಂಬ ಊರಿನಲ್ಲಿ ಪ್ರತಿಭಟಿಸಿದವರ ಮೇಲೆ ಗುಂಡು ಹಾರಿಸಿದರು, ಇಪ್ಪತ್ತು ಜನ ಸತ್ತರು. ಆ ಸಾವುಗಳಿಗೆ ಕಿಣ್ವ ಕಾರಣವೆಂದು ನಾನು ಹೇಳುವುದಿಲ್ಲ. ಆಮದಿನ ನೀತಿ, ಜಮೀನ್ದಾರಿಕೆ, ಸರ್ವಾಧಿಕಾರ, ಏಕಬೆಳೆ ಇವೆಲ್ಲ ಕಾರಣ. ಆದರೆ ಸರಸರನೆ ಹೊತ್ತುವಂತೆ ಒಣಗಿಸಿಟ್ಟ ದರಕಿನ ಮೇಲೆ ಬಿದ್ದ ಕಿಡಿ ಆ ಕಿಣ್ವದಿಂದಲೇ ಬಂತು. ಜಪಾನಿನ, ಅಮೆರಿಕದ ಪ್ರಯೋಗಾಲಯಗಳಲ್ಲಿ ದುಡಿದ ಸಜ್ಜನರಾರೂ ನೀಗ್ರೋಸಿನ ಹೆಸರನ್ನೂ ಕೇಳಿರಲಿಕ್ಕಿಲ್ಲ.

ಈ ಕತೆಯನ್ನು ಬಲ್ಲವರು ‘ರೈತನ ಬಾಕಿ ತೀರುತ್ತದೆ’ ಎಂದು ಲಘುವಾಗಿ ಹೇಳಲಾರರು. ಅಪರೂಪದ ಸಕ್ಕರೆಯ ವ್ಯಾಪಾರದಲ್ಲಿ ಬೆಲೆಯಿರುವುದು ಕಿಣ್ವಕ್ಕೆ, ಅದರ ಪೇಟೆಂಟಿಗೆ, ಬೇರ್ಪಡಿಸುವ ಕಂಬಗಳಿಗೆ. ಕಚ್ಚಾ ಫ್ರಕ್ಟೋಸ್ ಮಂಡ್ಯದ ಕಬ್ಬಿನಿಂದ ಬಂದರೇನು, ದಾವಣಗೆರೆಯ ಮುಸುಕಿನ ಜೋಳದಿಂದ ಬಂದರೇನು, ಇನ್ನಾವುದೋ ದೇಶದ ಹಡಗಿನಿಂದ ಇಳಿದರೇನು, ಕಾರ್ಖಾನೆಗೆ ಯಾವುದು ಅಗ್ಗವೋ ಅದು ಸಾಕು. ಕಬ್ಬನ್ನೇ ಕೊಳ್ಳಬೇಕೆಂಬ ಹಂಗು ಅದಕ್ಕಿಲ್ಲ. ಸಕ್ಕರೆ ಅಪರೂಪದ್ದಾದರೂ ಕಬ್ಬಿನ ಟನ್ನಿನ ದರ ಅಪರೂಪದ್ದಾಗುವುದಿಲ್ಲ.

ಈಗ ಮಣ್ಣಿಗೆ ಬರೋಣ.

ಅರಿಶಿನದ ಪೇಟೆಂಟನ್ನು 1997ರಲ್ಲಿ ಅಮೆರಿಕದಲ್ಲಿ ರದ್ದು ಮಾಡಿಸಿದಾಗ, ಬೇವಿನ ಪೇಟೆಂಟನ್ನು 2000ದಲ್ಲಿ ಯೂರೋಪಿನಲ್ಲಿ ಉರುಳಿಸಿದಾಗ ಊರೂರಲ್ಲಿ ಸಂಭ್ರಮಿಸಿದ್ದನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಜೀವಚೌರ್ಯ ಎಂಬ ಮಾತು ಆಗಲೇ ನಮ್ಮ ನಾಲಿಗೆಗೆ ಬಂದದ್ದು. ಆದರೆ ಅರಿಶಿನ ಕಣ್ಣಿಗೆ ಕಾಣುತ್ತದೆ, ಬೇವಿಗೆ ಹೆಸರಿದೆ, ಅಜ್ಜಿ ಅದನ್ನು ಬಳಸಿದ ನೆನಪಿದೆ. ಒಂದು ಹಿಡಿ ಮಣ್ಣಿನಲ್ಲಿರುವ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿಗೆ ಯಾವ ಅಜ್ಜಿಯೂ ಹೆಸರಿಟ್ಟಿಲ್ಲ. ಹೆಸರಿಲ್ಲದ್ದು ಯಾರದೂ ಅಲ್ಲ ಎಂಬುದು ವ್ಯಾಪಾರದ ತರ್ಕ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಯಲ್ಲಿ 1966ರಲ್ಲಿ ಥಾಮಸ್ ಬ್ರಾಕ್ ಅವರು ಸಂಗ್ರಹಿಸಿದ ಬ್ಯಾಕ್ಟೀರಿಯಾವೊಂದರ ಕಿಣ್ವದಿಂದ ಡಿಎನ್ಎ ನಕಲು ಮಾಡುವ ವಿದ್ಯೆಯೇ ಬೆಳೆಯಿತು. ಆ ವಿದ್ಯೆಯ ಹಕ್ಕುಗಳು 1991ರಲ್ಲಿ 30 ಕೋಟಿ ಡಾಲರಿಗೆ ಕೈ ಬದಲಾಯಿಸಿದವು. ಬುಗ್ಗೆಯನ್ನು ಕಾಯ್ದುಕೊಂಡು ಬಂದ ಉದ್ಯಾನಕ್ಕೆ ಬಿಡಿಗಾಸೂ ಸಿಗಲಿಲ್ಲ. ಶ್ರೀಮಂತ ದೇಶದ ರಾಷ್ಟ್ರೀಯ ಉದ್ಯಾನಕ್ಕೇ ಈ ಗತಿಯಾದರೆ ಹೊಸನಗರದ ಒಂದು ಹಳ್ಳಿಯ ಮಾತೇನು?

ಈಗಂತೂ ಜೀವಿಯನ್ನು ಒಯ್ಯುವ ಅಗತ್ಯವೂ ಉಳಿದಿಲ್ಲ. ಮಣ್ಣಿನಿಂದ, ನೀರಿನಿಂದ ನೇರವಾಗಿ ಡಿಎನ್ಎ ತೆಗೆದು ಅಕ್ಷರಗಳಂತೆ ಓದಿ ಗಣಕಯಂತ್ರಕ್ಕೆ ಏರಿಸುತ್ತಾರೆ. ನಮ್ಮ ದೇಶದಲ್ಲಿಯೇ, ಮೊಹಾಲಿಯ ಸರ್ಕಾರಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಿಸಿನೀರಿನ ನೆಲೆಯೊಂದರ ಡಿಎನ್ಎ ರಾಶಿಯಿಂದ ಅಲ್ಯುಲೋಸ್ ತಯಾರಿಸುವ ಹೊಸ ಕಿಣ್ವವೊಂದರ ಜೀನನ್ನು ಹೆಕ್ಕಿ 2020ರಲ್ಲಿ ಪ್ರಕಟಿಸಿದರು. ಒಳ್ಳೆಯ ಕೆಲಸ; ಅವರ ಮೇಲೆ ನನಗೆ ಆಕ್ಷೇಪವಿಲ್ಲ, ನಮ್ಮವರೂ ಮಾಡಬಲ್ಲರು ಎಂಬ ಹೆಮ್ಮೆಯಿದೆ. ಆದರೆ ದಾರಿ ಎತ್ತ ಸಾಗಿದೆ ನೋಡಿ. ನಾಳೆ ಪುತ್ತೂರಿನ ಇರ್ದೆಯ ಬೆಂದ್ರು ತೀರ್ಥದಿಂದ ಯಾರೋ ಒಂದು ಬಾಟಲಿ ಬಿಸಿನೀರು ಒಯ್ದು ಓದಿದರೆ, ಆ ಅಕ್ಷರಗಳನ್ನು ಜಗತ್ತಿನ ಯಾವ ಮೂಲೆಯಲ್ಲಿಯೂ ಇಳಿಸಿಕೊಂಡು ಜೀನನ್ನು ಕೃತಕವಾಗಿ ಹೆಣೆಯಬಹುದು, ಎರಡು ಮಣಿಗಳನ್ನು ಬದಲಿಸಿ ಪೇಟೆಂಟು ಪಡೆಯಬಹುದು. ಬಾಟಲಿಯ ನೀರಿಗೆ ನಾವು ಶುಲ್ಕ ಕೇಳಬಹುದು, ಅಕ್ಷರಗಳಿಗೆ ಕೇಳುವುದು ಹೇಗೆ?

ಕಾನೂನು ಇಲ್ಲವೇ ಎಂದರೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ‘ಜೈವಿಕ ಸಂಪನ್ಮೂಲ’ದ ವ್ಯಾಖ್ಯೆಯೊಳಗೆ ಗಿಡ, ಪ್ರಾಣಿಗಳ ಜೊತೆಗೆ ಸೂಕ್ಷ್ಮಜೀವಿಗಳೂ ಇವೆ. ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆದಿಡಬೇಕು. ಆದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ ಅಂತ್ಯದ ಗಡುವು ಹಾಕಿ ತಿಂಗಳಿಗೆ ಹತ್ತು ಲಕ್ಷದ ದಂಡದ ಎಚ್ಚರಿಕೆ ಕೊಟ್ಟಾಗ ಆ ದಾಖಲೆಗಳನ್ನು ಅನೇಕ ಕಡೆ ಹೇಗೆ ತುಂಬಿದರೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಒಂದು ಊರಿನ ಪಟ್ಟಿ ಇನ್ನೊಂದು ಊರಿನದರ ನಕಲು. 2023ರ ತಿದ್ದುಪಡಿ ಉದ್ಯಮಕ್ಕೆ ಹಲವು ವಿನಾಯಿತಿ ಕೊಟ್ಟು, ಉಲ್ಲಂಘನೆಗಿದ್ದ ಜೈಲುಶಿಕ್ಷೆಯನ್ನು ತೆಗೆದು ದಂಡಕ್ಕೆ ಇಳಿಸಿತು. ಅಂತಾರಾಷ್ಟ್ರೀಯ ಮಟ್ಟದಲ್ಲಿ, ಜೀನಿನ ಅಕ್ಷರಗಳನ್ನು ಬಳಸಿ ಲಾಭ ಮಾಡುವ ದೊಡ್ಡ ಕಂಪನಿಗಳು ಲಾಭದ ಶೇಕಡ 1 ಅಥವಾ ಆದಾಯದ ಶೇಕಡ 0.1ರಷ್ಟನ್ನು ಕೊಡಬೇಕೆಂಬ ‘ಕಾಲಿ ನಿಧಿ’ 2025ರ ಫೆಬ್ರವರಿಯಲ್ಲಿ ರೋಮಿನಲ್ಲಿ ಆರಂಭವಾಗಿದೆ. ಅದರಲ್ಲಿ ಅರ್ಧದಷ್ಟಾದರೂ ಮೂಲನಿವಾಸಿಗಳಿಗೆ, ಸ್ಥಳೀಯ ಸಮುದಾಯಗಳಿಗೆ ಸೇರಬೇಕೆಂಬುದು ಆಶಯ. ಕೊಡುವುದು ಮಾತ್ರ ಅವರವರ ಇಚ್ಛೆ. 2025ರಲ್ಲೇ ನಮ್ಮ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಹೊರಡಿಸಿದ ಲಾಭ ಹಂಚಿಕೆಯ ನಿಯಮಾವಳಿಯಲ್ಲಿಯೂ ಈ ಡಿಜಿಟಲ್ ಅಕ್ಷರಮಾಹಿತಿಗೆ ಜಾಗ ಸಿಕ್ಕಿದೆ. ಬಾಗಿಲು ತುಸು ತೆರೆದಿದೆ ಎನ್ನೋಣ. ಆದರೆ ಪಾಲು ಕೇಳಬೇಕಾದರೆ ‘ಇದು ನಮ್ಮ ಮಣ್ಣು’ ಎಂದು ತೋರಿಸಲು ಒಂದು ದಾಖಲೆ ಬೇಕು. ಆ ದಾಖಲೆ ಯಾಕಿಲ್ಲ ಎಂಬುದನ್ನು ನಾನು ಬಲ್ಲೆ, ಏಕೆಂದರೆ ಅದನ್ನು ಇಲ್ಲವಾಗಿಸಿದವರಲ್ಲಿ ನಾನೂ ಒಬ್ಬ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಡಾಕ್ಟರೇಟಿನ ಸಂಶೋಧನೆಗೆಂದು ನಮ್ಮ ಸೀಮೆಯ ಚೌಡಿ ಬನಗಳಿಂದ ಎಲೆಗೊಬ್ಬರದ ಮಣ್ಣನ್ನು ಸಂಗ್ರಹಿಸುತ್ತಿದ್ದೆ. ಕೊಡಲಿ ತಾಗದ ಕಾನಿನಲ್ಲಿ ದರಕು ಕೊಳೆಸುವ ಬ್ಯಾಕ್ಟೀರಿಯಾಗಳು ನನ್ನ ವಿಷಯ. ಒಂದು ಬನದ ಪಕ್ಕದ ಮನೆಯ ಅಜ್ಜಿ ಬೇಲಿಯ ಬಳಿ ನಿಂತು ಕೇಳಿದರು: ‘ತಮ್ಮಾ, ಮಣ್ಣು ತಗೊಂಡು ಹೋಗಿ ಎಂತ ಮಾಡ್ತೀಯೋ?’ ಪರೀಕ್ಷೆಗೆ ಎಂದೆ. ‘ಬನದ್ದು ಏನೂ ಹೊರಗೆ ಒಯ್ಯೂಕಿಲ್ಲ. ಬೇಕೇ ಬೇಕು ಅಂದ್ರೆ ಚೌಡಮ್ಮಂಗೆ ಒಂದು ಮಾತು ಹೇಳಿ ತಗೊ’ ಎಂದರು. ‘ಬರೀ ಮಣ್ಣಲ್ವೇನೇ ಅಜ್ಜಿ’ ಎಂದು ನಕ್ಕು, ಚೀಲಗಳಿಗೆ ಚೀಟಿ ಅಂಟಿಸಿ ಬಸ್ಸು ಹಿಡಿದೆ. ಆ ಮಣ್ಣಿನಿಂದ ಬೇರ್ಪಡಿಸಿದ ತಳಿಗಳು ದೂರದ ಪ್ರಯೋಗಾಲಯವೊಂದಕ್ಕೆ ಹೋದವು. ಅವುಗಳ ಜೀನ್ ಅಕ್ಷರಗಳು ಸಾರ್ವಜನಿಕ ಭಂಡಾರಕ್ಕೆ ಏರಿದವು. ನನಗೆ ಪದವಿ ಬಂತು. ಮೊನ್ನೆ ಈ ಲೇಖನಕ್ಕೆಂದು ಆ ದಾಖಲೆಗಳನ್ನು ಹುಡುಕಿ ನೋಡಿದೆ. ಮೂಲ ಸ್ಥಳ ಎಂಬಲ್ಲಿ ಇರುವುದು ‘ಭಾರತ, ಪಶ್ಚಿಮ ಘಟ್ಟ’ ಎಂದಷ್ಟೇ. ಊರಿಲ್ಲ, ಪಂಚಾಯಿತಿಯಿಲ್ಲ, ಬನವಿಲ್ಲ. ಗುಜರಾತಿನ ಅಂಚಿನಿಂದ ಕನ್ಯಾಕುಮಾರಿಯವರೆಗಿನ ಬೆಟ್ಟಗಳಲ್ಲಿ ಎಲ್ಲಿಯದೆಂದು ಯಾರು ಹೇಳಬೇಕು? ಹಾಗೆ ಬರೆದವನು ನಾನೇ. ಅವುಗಳಲ್ಲಿ ಯಾವುದಾದರೂ ಇಂದು ಯಾರದೋ ಕಾರ್ಖಾನೆಯಲ್ಲಿ ದುಡಿಯುತ್ತಿದೆಯೇ ಎಂದು ತಿಳಿಯುವ ದಾರಿಯನ್ನೂ ನಾನೇ ಮುಚ್ಚಿದ್ದೇನೆ.

ವಿಜ್ಞಾನಿ ಮಿತ್ರರು ಇದಕ್ಕೆ ಹೇಳುವ ಮಾತು ಒಂದೇ: ಜ್ಞಾನ ಮುಕ್ತವಾಗಿರಬೇಕು, ಊರೂರಿಗೆ ಅನುಮತಿ ಕೇಳುತ್ತ ಕುಳಿತರೆ ಸಂಶೋಧನೆ ಸಾಯುತ್ತದೆ. ಓದಲು ಮುಕ್ತವಾಗಿರಲಿ, ನಾನೂ ಹಾಗೆಯೇ ಬಯಸುತ್ತೇನೆ. ಆದರೆ ಮುಕ್ತವಾಗಿ ಓದಿದ್ದನ್ನು ಎರಡು ಮಣಿ ಬದಲಿಸಿ ಇಪ್ಪತ್ತು ವರ್ಷ ಬೀಗ ಹಾಕುವ ಪೇಟೆಂಟಿಗೆ ಮಾತ್ರ ಈ ಮಿತ್ರರು ತಕರಾರು ಎತ್ತಿದ್ದನ್ನು ನಾನು ಕಂಡಿಲ್ಲ. ಮಣ್ಣು ಕೊಟ್ಟವರಿಗೆ ಮುಕ್ತ ಜ್ಞಾನದ ಉಪದೇಶ, ಕೊಂಡುಹೋದವರಿಗೆ ಮುಚ್ಚಿದ ಬಾಗಿಲಿನ ಸವಲತ್ತು ಎಂದರೆ ಅದು ಯಾವ ನ್ಯಾಯ? ಕಗಾವಾದ ಮಣ್ಣಿಗೆ ಕಗಾವಾದ ಹೆಸರು ಉಳಿಯಿತಲ್ಲ, ಅದರಿಂದ ಜಪಾನಿನ ವಿಜ್ಞಾನವೇನೂ ಸಾಯಲಿಲ್ಲ.

ಆದ್ದರಿಂದ ಅಪರೂಪದ ಸಕ್ಕರೆಯ ವಿರುದ್ಧ ಧರಣಿ ಕೂರೋಣವೆಂದ ಗೆಳೆಯರಿಗೆ ನನ್ನ ವಿನಂತಿ: ಧರಣಿ ಬೇಡ. ನಿಮ್ಮ ಪಂಚಾಯಿತಿಗೆ ಹೋಗಿ ಜೀವವೈವಿಧ್ಯ ದಾಖಲೆಯನ್ನು ತೆಗೆಸಿ ಓದಿ. ಅದರಲ್ಲಿ ಹಲಸು, ಅಪ್ಪೆಮಿಡಿ, ಭತ್ತದ ತಳಿಗಳಿರಬಹುದು. ಮಣ್ಣು, ಬುಗ್ಗೆ, ಕೊಳೆಯುವ ದರಕು, ಹುದುಗು ಬರುವ ಮಜ್ಜಿಗೆ ಇವುಗಳ ಹೆಸರು ಇದೆಯೇ ನೋಡಿ. ಸೂಕ್ಷ್ಮಜೀವಿಗಳ ಹೆಸರು ನಿಮಗೆ ತಿಳಿಯಬೇಕಾಗಿಲ್ಲ. ಯಾವ ಬನದಿಂದ, ಯಾವ ದಿನ, ಯಾರು, ಎಷ್ಟು ಒಯ್ದರು ಎಂದು ಬರೆದರೆ ಸಾಕು. ಸಂಶೋಧನೆಗೆ ಬರುವ ವಿದ್ಯಾರ್ಥಿಗಳಿಗೆ ಮಣ್ಣು ಕೊಡಿ, ಆದರೆ ಅವರ ದಾಖಲೆಯಲ್ಲಿ ಊರಿನ ಹೆಸರನ್ನು ಬರೆಸಿಕೊಳ್ಳಿ. ಕಾಲೇಜಿನ ಮಕ್ಕಳೇ, ನಾಳೆ ಚೀಲ ಹಿಡಿದು ಕಾಡಿಗೆ ಬರುವವರು ನೀವು. ಭಂಡಾರಕ್ಕೆ ಅಕ್ಷರ ಏರಿಸುವಾಗ ಸ್ಥಳದ ಅಂಕಣವನ್ನು ಪೂರ್ತಿ ತುಂಬಿ.

ನಾನು ಮಣ್ಣು ತೆಗೆದ ಬನವಿರುವ ಪಂಚಾಯಿತಿಗೆ ಕಳೆದ ತಿಂಗಳು ಹೋಗಿದ್ದೆ. ಅಜ್ಜಿ ತೀರಿಕೊಂಡು ಬಹಳ ಕಾಲವಾಗಿದೆ. ದಾಖಲೆಯ ಪುಸ್ತಕ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಸೂಕ್ಷ್ಮಜೀವಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಮಿತಿಯವರ ಒಪ್ಪಿಗೆ ಪಡೆದು, ಕೊನೆಗೆ ಒಂದು ಹಾಳೆ ಸೇರಿಸಿ ಗೆರೆ ಎಳೆದು ಮೊದಲ ಸಾಲನ್ನು ನಾನೇ ಬರೆದೆ: ಬನದ ಹೆಸರು, ನನ್ನ ಹೆಸರು, ಹನ್ನೆರಡು ಚೀಲ, ಪ್ರತಿ ಚೀಲದಲ್ಲಿ ಅರ್ಧ ಕಿಲೋ ಮಣ್ಣು, ಭಂಡಾರದ ದಾಖಲೆ ಸಂಖ್ಯೆಗಳು. ‘ಯಾರ ಅನುಮತಿ’ ಎಂಬ ಅಂಕಣದಲ್ಲಿ ‘ಕೇಳಿರಲಿಲ್ಲ’ ಎಂದು ಬರೆದು ಸಹಿ ಮಾಡಿದೆ.